ಬಿಟ್ಟುಹೋದ ಕರ್ಮಪದ

ಕೂತು ಕೇಳಿ. ಇದು ಇನ್ನೂ ಬಾರದ ಕಾಲದ ಮಾತು. ಬಂದು ಹೋಯಿತೆಂಬಂತೆ ಹೇಳುತ್ತೇನೆ. ಆ ಕಾಲದಲ್ಲಿ ಮನುಷ್ಯರ ನಾಚಿಕೆಯನ್ನು ಅಳೆಯುವ ಒಂದು ಪೆಟ್ಟಿಗೆ ಬಂದಿತ್ತು. ಅದನ್ನು ನಡೆಸುವ ಕೆಲಸವನ್ನು ಶಿವನು ಬೇರೆ ಯಾರಿಗೂ ಕೊಡದೆ ನನಗೆ ಕೊಟ್ಟ. ಯಾಕೆ ಕೊಟ್ಟನೆಂದು ಆಗ ತಿಳಿಯಲಿಲ್ಲ.

ಪೆಟ್ಟಿಗೆಯನ್ನು ಕಟ್ಟಿದವರು ಕೆರಿಬಿಯನ್ ದ್ವೀಪಗಳ ಜನ. ಅವರ ಹಿರಿಯರನ್ನು ಆಫ್ರಿಕಾದಿಂದ ಹಡಗಿನ ತಳದಲ್ಲಿ ತುಂಬಿಕೊಂಡು ಬಂದು, ಕಬ್ಬಿನ ಗದ್ದೆಗಳಲ್ಲಿ ದುಡಿಸಿ ದುಡಿಸಿ ಸಾಯಿಸಿದ್ದರು. ತಲೆಮಾರುಗಳ ಮೇಲೆ ಆ ದ್ವೀಪಗಳು ಒಟ್ಟುಗೂಡಿ ನ್ಯಾಯ ಕೇಳಿದವು. ದೊಡ್ಡ ದೊಡ್ಡ ದೇಶಗಳಿಂದ ವಿಷಾದದ ಪತ್ರಗಳು ಬಂದವು, ಒಂದಕ್ಕಿಂತ ಒಂದು ಚೆಂದದ ಭಾಷೆಯಲ್ಲಿ. ಓದಿದ ಜನ, ಇದರಲ್ಲಿ ನಿಜವಾದದ್ದು ಯಾವುದು ಎಂದು ಕೇಳಿದರು. ಆ ಪ್ರಶ್ನೆಯಿಂದ ಹುಟ್ಟಿದ್ದು ಈ ಯಂತ್ರ.

ಕ್ಷಮೆ ಕೇಳುವವರ ಮಣಿಕಟ್ಟಿಗೊಂದು ಪಟ್ಟಿ, ಹಣೆಗೊಂದು ಪಟ್ಟಿ, ಹೊಟ್ಟೆಯ ಮೇಲೆ ಅಂಗೈಯಗಲದ ಬಿಲ್ಲೆ. ನಾಲ್ಕು ಜನ ನೋಡುತ್ತಿದ್ದಾರಲ್ಲ ಎಂಬ ನಾಚಿಕೆಗೆ ರಕ್ತ ಮುಖಕ್ಕೇರುತ್ತದೆ. ಪರದೆಯ ಮೇಲೆ ಅದು ಕೆಂಪು ಗೆರೆ. ಮಾಡಿದ್ದಕ್ಕೆ ಆಗುವ ನಾಚಿಕೆ ಹೊಟ್ಟೆಯ ಆಳದ ನರವನ್ನು ಹಿಡಿದು ಉಸಿರಿನ ಲಯವನ್ನೇ ಬದಲಿಸುತ್ತದೆ. ಅದು ನೀಲಿ ಗೆರೆ. ಮಾತು ಮುಗಿದ ಮೇಲೆ ಎಲ್ಲರೂ ಹೊರಗೆ ಹೋಗಬೇಕು, ಕ್ಷಮೆ ಕೇಳಿದವರು ಹದಿನೈದು ನಿಮಿಷ ಒಬ್ಬರೇ ಕೂರಬೇಕು. ಜನ ಎದ್ದು ಹೋದಂತೆ ಕೆಂಪು ಇಳಿದುಬಿಡುತ್ತದೆ. ನೀಲಿ ಹಾಗೇ ನಿಂತರೆ ಕ್ಷಮೆ ನಿಜ.

ಆಫ್ರಿಕಾದಿಂದ ಹಡಗುಗಳು ಪಶ್ಚಿಮಕ್ಕೆ ಮಾತ್ರ ಹೋಗಿರಲಿಲ್ಲವಲ್ಲ. ಪೂರ್ವದ ಸಮುದ್ರ ದಾಟಿ ಗೋವೆಗೂ ಬಂದಿದ್ದವು. ಅಲ್ಲಿ ಮಾರಾಟವಾದವರಲ್ಲಿ ಕೆಲವರು ಘಟ್ಟ ಹತ್ತಿ ನಮ್ಮ ಹಳಿಯಾಳದ ಕಾಡು ಸೇರಿದರು. ಅವರೇ ನಮ್ಮ ಸಿದ್ದಿ ಜನ. ಒಡೆಯರಿಂದ ತಪ್ಪಿಸಿಕೊಂಡು ಬಂದವರನ್ನು ನಾವು ಒಡೆಯರಾಗಿ ಎದುರುಗೊಂಡೆವು. ಹೊಲ, ಗಾಣ, ದನದ ಕೊಟ್ಟಿಗೆ ಎಲ್ಲಕ್ಕೂ ಅವರೇ ಆಳು. ಆದ್ದರಿಂದ ಮರುನ್ಯಾಯ ಪೀಠ ಎಂಬುದು ನಮ್ಮಲ್ಲಿಗೂ ಬಂತು. ಕಾಳಿನ ಹಳೆಯ ಗೋದಾಮೊಂದಕ್ಕೆ ಸುಣ್ಣ ಹೊಡೆದು ಪೆಟ್ಟಿಗೆಯನ್ನಿಟ್ಟರು. ಕಾಲೇಜಿನ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾಗಿದ್ದ ನನ್ನನ್ನು ಕರೆದರು. ನನ್ನ ಹೆಸರು ದಾನಮ್ಮ. ಆಗ ನನಗೆ ಅರವತ್ತೊಂದು.

ಯಂತ್ರದ ಮೇಲ್ವಿಚಾರಣೆಗೆ ಬಾರ್ಬಡೋಸ್ ದ್ವೀಪದಿಂದ ಬಂದವರು ವಿಜ್ಞಾನಿ ಆರ್ಲೀನ್. ಎತ್ತರದ ಹೆಂಗಸು, ನಿಧಾನದ ನಡಿಗೆ. ಕೊರಳಿಗೆ ಮಾತು ತಿರುಗಿಸುವ ಯಂತ್ರವೊಂದನ್ನು ಕಟ್ಟಿಕೊಂಡಿದ್ದರು. ಅವರು ಇಂಗ್ಲಿಷಿನಲ್ಲಿ ಆಡಿದ್ದನ್ನು ಅದು ಪಠ್ಯಪುಸ್ತಕದ ಕನ್ನಡದಲ್ಲಿ ಒದರುತ್ತಿತ್ತು, ನಾವಾಡಿದ್ದನ್ನು ಅವರ ಕಿವಿಗೆ ಇಂಗ್ಲಿಷಿನಲ್ಲಿ ಮುಟ್ಟಿಸುತ್ತಿತ್ತು.

ದಿನಾ ಬೆಳಿಗ್ಗೆ ಮೊದಲ ಕೆಲಸ ಸೊನ್ನೆ ಹಿಡಿಯುವುದು. ಯಂತ್ರ ನಡೆಸುವವರೇ ಪಟ್ಟಿ ಕಟ್ಟಿಕೊಂಡು ಶಾಂತವಾಗಿ ಕೂರಬೇಕು. ಅವರ ಗೆರೆ ನಿಂತಲ್ಲಿಗೆ ಸೊನ್ನೆ. ನಾನು ಮನೆಯಲ್ಲಿ ಲಿಂಗಪೂಜೆ ಮುಗಿಸಿ, ವಿಭೂತಿ ಧರಿಸಿ, ನೇರವಾಗಿ ಬಂದು ಕುರ್ಚಿಯಲ್ಲಿ ಕೂರುತ್ತಿದ್ದೆ. ನನ್ನಷ್ಟು ಸಮಾಧಾನದ ಜೀವ ಊರಲ್ಲಿಲ್ಲವೆಂದು ಜನ ಹೇಳುತ್ತಿದ್ದರು.

ನನ್ನ ಕೆಂಪು ಗೆರೆ ಕೂಡಲೇ ನೆಲಕ್ಕೆ ಮಲಗುತ್ತಿತ್ತು. ನೀಲಿ ಮಾತ್ರ ಇಳಿಯುತ್ತಿರಲಿಲ್ಲ.

"ವಿಚಿತ್ರ," ಎಂದಿತು ಆರ್ಲೀನರ ಕೊರಳು. "ದಾನಮ್ಮನವರೇ, ತಮ್ಮ ದೇಹದ ಪ್ರಕೃತಿಯೇ ಹೀಗಿರಬಹುದು. ಇಷ್ಟನ್ನು ಎಲ್ಲರ ಲೆಕ್ಕದಿಂದಲೂ ಕಳೆಯೋಣವೇ?"

"ಕಳೀರಿ," ಎಂದೆ.

ಹೀಗೆ ನನ್ನ ಎತ್ತರ ಸೊನ್ನೆಯಾಯಿತು. ನನಗಿಂತ ಕಡಿಮೆ ನಾಚಿಕೆಯವರೆಲ್ಲ ಆ ಗೋದಾಮಿನಲ್ಲಿ ನಾಚಿಕೆಯಿಲ್ಲದವರಾದರು. ಕಟ್ಟಿಗೆಯ ಗುತ್ತಿಗೆ ಮಾಡುತ್ತಿದ್ದ ಎಂಬತ್ತೆರಡರ ಮುದುಕ ನಾಗೋಜಿ ಎಂಬಾತ, ತನ್ನಿಂದ ಏಟು ತಿಂದ ಸಿದ್ದಿ ಆಳಿನ ಮಗನ ಮುಂದೆ ಕೂತು ಎಲ್ಲವನ್ನೂ ಹೇಳಿದ. ಜನ ಹೋದ ಮೇಲೂ ನೆಲ ನೋಡುತ್ತ ಕೂತಿದ್ದ. ಯಂತ್ರ ಮಾತ್ರ ನೀಲಿ ಇಲ್ಲವೆಂದಿತು. "ನನ್ನ ಹೊಟ್ಯಾಗ ಏನೂ ಇಲ್ಲೇನವಾ ಹಂಗಾರ?" ಎಂದು ಪಟ್ಟಿ ಬಿಚ್ಚುತ್ತಿದ್ದ ನನ್ನನ್ನೇ ಕೇಳಿದ. ನಾನು ಬಿಚ್ಚಿದ ಪಟ್ಟಿಯನ್ನು ಸುತ್ತಿ ಇಟ್ಟೆ.

ಆ ವಾರದಲ್ಲೇ ಪಾಸ್ಕಲೀನ್ ಸಿದ್ದಿ ಬಂದಳು. ಅರವತ್ತೊಂಬತ್ತು ವಯಸ್ಸು, ಒಣಗಿದ ಗಟ್ಟಿ ದೇಹ. ಆರ್ಲೀನರನ್ನು ಕಂಡವಳೇ ಕೈಯೆತ್ತಿ ಅವರ ತಲೆ ಸವರಿದಳು.

"ನಮ್ಮ ಕೂದಲಾ! ಎಷ್ಟು ದೂರ ಹೋಗಿ ಬಂದ್ಯವಾ!"

"ತಮ್ಮ ದರ್ಶನದಿಂದ ನಾನು ಪುಳಕಿತಳಾಗಿದ್ದೇನೆ," ಎಂದಿತು ಯಂತ್ರ.

"ಈಕಿ ಪುರಾಣದಾಗಿನ ಮಂದಿಗತೆ ಮಾತಾಡತಾಳ," ಎಂದು ಪಾಸ್ಕಲೀನ್ ನನ್ನತ್ತ ತಿರುಗಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೂತಳು.

ಅವಳ ದೂರು ನನ್ನ ದೊಡ್ಡಪ್ಪನ ಮನೆಯ ಮೇಲೆ. ಐವತ್ತೆರಡು ವರ್ಷದ ಹಿಂದೆ ದೊಡ್ಡಪ್ಪನ ಆಲೆಮನೆಯಲ್ಲಿ ಅವಳ ಅಕ್ಕ ಬೆನೆತ್ತಾ ಗಾಣಕ್ಕೆ ಕಬ್ಬು ಕೊಡುತ್ತಿದ್ದಳು. ಕೈ ಉರುಳೆಗಳ ನಡುವೆ ಸಿಕ್ಕಿತು. ಸಂಜೆಗೆ ಜೀವ ಹೋಯಿತು. ಬೆನೆತ್ತಾ ಕುಡಿದಿದ್ದಳೆಂದು ಪೊಲೀಸರ ಕಾಗದದಲ್ಲಿ ಬರೆಯಲಾಯಿತು.

"ಜಾಗಾ, ಸಾಲಿ ಸರಕಾರದವರು ಕೊಡತಾರ, ಅದು ಬ್ಯಾರೆ," ಎಂದಳು ಪಾಸ್ಕಲೀನ್. "ನಮ್ಮ ಅವ್ವ ಮನಿಯಾಗ ಶೆರೆ ಮುಟ್ಟಬಾರದು ಅಂತ ಮಕ್ಕಳ ಕಡೆ ಆಣಿ ಹಾಕಿಸಿದಾಕಿ. ಅಕ್ಕ ಆಣಿ ಮುರದ್ಲು ಅಂತ ತಿಳದು, ಸಾಯೂತನಾ ಅಕಿ ಹೆಸರ ತಗೀಲಿಲ್ಲ. ನನ್ನ ಮೊಮ್ಮಕ್ಕಳಿಗೂ 'ಕುಡುಕಿ ಬೆನೆತ್ತಾನ ಮನಿಯವ್ರು' ಅಂತಾರ ಮಂದಿ. ಅಕಿ ಕುಡದಿದ್ದಿಲ್ಲ ಅಂತ ಆ ಮನಿಯವರ ಬಾಯಿಂದ ಬರಬೇಕು. ನನಗ ಬೇಕಾದ್ದು ಅಷ್ಟಽ."

ಆರ್ಲೀನ್ ಬರೆಯುತ್ತಿದ್ದ ಲೇಖನಿಯನ್ನು ಕೆಳಗಿಟ್ಟರು. ಆಮೇಲೆ ಯಂತ್ರ ಮೆಲ್ಲಗೆ ಹೇಳಿತು: "ನಮ್ಮ ದ್ವೀಪದ ಗಾಣಗಳ ಪಕ್ಕದಲ್ಲಿ ಕೊಡಲಿಯನ್ನು ಇಡುತ್ತಿದ್ದರು. ಕೈ ಸಿಕ್ಕಿಕೊಂಡರೆ ಗಾಣವನ್ನು ನಿಲ್ಲಿಸುತ್ತಿರಲಿಲ್ಲ. ಕೈಯನ್ನು ಕಡಿಯುತ್ತಿದ್ದರು."

ನಿಯಮವನ್ನು ಅವರೇ ವಿವರಿಸಿದರು. ವಿಚಾರಣೆ ಸೋಮವಾರ. ಅಂದೇ ಕಡತ ಮುಚ್ಚುತ್ತದೆ. ಮುಚ್ಚಿದ ಕಡತ ಎಲ್ಲ ದೇಶಗಳಲ್ಲೂ ಇಡುವ ದೊಡ್ಡ ಪುಸ್ತಕದಲ್ಲಿ ಅಚ್ಚಾಗುತ್ತದೆ, ಆಮೇಲೆ ತಿದ್ದುವಂತಿಲ್ಲ. ನಾನು ಆ ಮನೆತನದವಳು. ಪಾಸ್ಕಲೀನ್ ಬೇಡವೆಂದರೆ ಬೇರೆಯವರು ಯಂತ್ರ ನಡೆಸುತ್ತಾರೆ.

"ದಾನವ್ವಾರಽ ಇರ್ಲಿ," ಎಂದಳು ಪಾಸ್ಕಲೀನ್. "ದೇವರ ಮುಂದಿನ ದೀಪದಂಥಾಕಿ."

ಭಾನುವಾರ ದೊಡ್ಡಪ್ಪನ ಮನೆಗೆ ಹೋದೆ. ಈಗ ಮನೆಯ ಯಜಮಾನ ದೊಡ್ಡಪ್ಪನ ಮಗ ಬಸಲಿಂಗಪ್ಪ, ನನಗಿಂತ ಹತ್ತು ವರ್ಷ ಹಿರಿಯ. ಪಡಸಾಲೆಯ ಕನ್ನಡಿಯ ಮುಂದೆ ಕೈಮುಗಿದು ಕೂತಿದ್ದ. ಅವನ ಹೆಂಡತಿ ನೀಲವ್ವ ವೈನಿ ಹುಣಸೆ ಬಿಡಿಸುತ್ತಿದ್ದಳು.

"ಏ ದಾನಿ, ಬಂದ್ಯಾ? ಆ ನೀಲಿ ಗೆರಿ ಮ್ಯಾಲ ಏರಸೂದು ಹ್ಯಾಂಗ, ಒಂಚೂರು ಹೇಳು."

"ಏರಸೂದಲ್ಲಣ್ಣಾ ಅದು. ತಾನಽ ಏರಬೇಕು."

"ಹುಬ್ಬಳ್ಳ್ಯಾಗ ಅದಕ್ಕ ಕ್ಲಾಸ್ ತಗದಾರ. ಎಂಟು ದಿನ ಹೋಗಿ ಬಂದೀನಿ. ಸತ್ತ ನಾಯಿ ನೆನಸ್ಕೋರಿ, ಹೊಟ್ಟಿ ಒಳಗ ಎಳಕೋರಿ ಅಂತಾನ ಮಾಸ್ತರ."

"ಮದವಿ ದಿನಾನೂ ಇಷ್ಟು ನಾಚಿದ್ದಿಲ್ಲ ನಿಮ್ಮಣ್ಣ," ಎಂದಳು ವೈನಿ. "ಈಗ ಎಪ್ಪತ್ತೊಂದಕ್ಕ ಕನ್ನಡಿ ಮುಂದ ಕುಂತು ನಾಚತಾನ!"

"ಬಾಯಿ ಮುಚ್ಚಲೇ." ಅವನು ನನ್ನತ್ತ ತಿರುಗಿದ. "ಅಲ್ಲ ತಂಗಿ, ನೀನಽ ವಿಚಾರ ಮಾಡು. ಅಕಿ ಕುಡದು ಗಾಣದಾಗ ಕೈ ಹಾಕ್ಕೊಂಡ್ಲು. ಕುಡದಿದ್ಲು ಅಂತ ಪೊಲೀಸರ ಮುಂದ ಹೇಳಿದಾಕಿ ನೀನು. ಆದ್ರೂ ನಾ ಕ್ಷಮಾ ಕೇಳಾಕತ್ತೀನಿ. ಇದಕಿಂತ ದೊಡ್ಡಸ್ತಿಕಿ ಏನೈತಿ?"

ವೈನಿ ಚಹ ತಂದಳು. ಕುಡಿಯಲಾಗಲಿಲ್ಲ.

ಆ ದಿನ ನಡೆದದ್ದು ಇಷ್ಟು. ನನಗೆ ಒಂಬತ್ತು ವರ್ಷ. ಅಜ್ಜಿ ನನ್ನ ಹೆಸರು ಕೊರೆಸಿ ಕೊಟ್ಟ ಹಿತ್ತಾಳೆಯ ಲೋಟ ಹಿಡಿದು ಆಲೆಮನೆಯಲ್ಲಿ ಸುತ್ತುತ್ತಿದ್ದೆ. ಬೆನೆತ್ತಾ ಮೂರು ದಿನದಿಂದ ಗಾಣ ಬಿಟ್ಟು ಎದ್ದಿರಲಿಲ್ಲ. ಅವಳ ಜಾಗಕ್ಕೆ ಕೂರಬೇಕಾದವಳಿಗೆ ಜ್ವರ. ಬೇರೊಬ್ಬರನ್ನು ದೊಡ್ಡಪ್ಪ ಕರೆಸಲಿಲ್ಲ. ಮಟಮಟ ಮಧ್ಯಾಹ್ನ. ಅವಳು ನೀರು ಕೇಳಿದಳು. ನೀರಿನ ಕೊಡ ಒಳಗೆ, ಸಿದ್ದಿಗಳು ಅದನ್ನು ಮುಟ್ಟುವಂತಿಲ್ಲ. ನಮ್ಮವರು ಯಾರಾದರೂ ಬೊಗಸೆಗೆ ಎತ್ತಿ ಹಾಕಬೇಕು. ಯಾರೂ ಬರಲಿಲ್ಲ. ನಾನು ನನ್ನ ಲೋಟದಲ್ಲಿ ಕಬ್ಬಿನ ಹಾಲು ಹಿಡಿದು ಕೊಟ್ಟೆ. "ಬ್ಯಾಡವಾ, ನಿನ್ನ ಬೈತಾರ," ಎಂದಳು. ನಾನು ಬಿಡಲಿಲ್ಲ. ತುಟಿ ಹಚ್ಚಿ ಕುಡಿದಳು, ಒಂದೇ ಉಸಿರಿಗೆ. ಸ್ವಲ್ಪ ಹೊತ್ತಿಗೆ ಕಣ್ಣಿಗೆ ಜೋಂಪು ಹತ್ತಿತೋ ಏನೋ, ಕಬ್ಬಿನ ಹಿಂದೆ ಕೈಯೂ ಹೋಯಿತು.

ಮರುದಿನ ಜಮಾದಾರ ಬಂದ. ಗಾಣದ ಹತ್ತಿರ ಇದ್ದವರಾರು ಎಂದಾಗ ನನ್ನನ್ನು ಮುಂದೆ ತಳ್ಳಿದರು. "ಹೆದರಬ್ಯಾಡ ಕೂಸ. ಅಕಿ ಕುಡದಿದ್ಲೇನು?"

ಲೋಟದ ವಿಷಯ ಗೊತ್ತಾಗಿಬಿಟ್ಟಿದೆ ಎಂದುಕೊಂಡೆ. ನಮ್ಮ ಮನೆಯ ಲೋಟವನ್ನು ಸಿದ್ದಿ ಹೆಂಗಸಿನಿಂದ ಎಂಜಲು ಮಾಡಿಸಿದ್ದೇನೆ. ದೊಡ್ಡಪ್ಪ ಚರ್ಮ ಸುಲಿಯುತ್ತಾನೆ. ಹೇಳದೆ ವಿಧಿಯಿಲ್ಲ, ಆದರೆ ಆದಷ್ಟು ಕಡಿಮೆ ಹೇಳಬೇಕು. "ಹೂಂ, ಕುಡದಿದ್ಲು," ಎಂದೆ. ಏನನ್ನು ಎಂದು ಹೇಳಲಿಲ್ಲ. ನಮ್ಮ ಭಾಷೆಯಲ್ಲಿ ಹೇಳದಿದ್ದರೂ ವಾಕ್ಯ ಪೂರ್ತಿಯಾಗುತ್ತದೆ. ದೊಡ್ಡಪ್ಪನ ಮುಖ ಒಮ್ಮೆಲೇ ಹಗುರಾದದ್ದನ್ನು ಕಂಡೆ. ಯಾರೂ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಎರಡು ದಿನದಲ್ಲಿ ಆ ಮಾತು ಏನಾಗಿದೆ ಎಂದು ನನಗೆ ತಿಳಿಯಿತು. ಬೂದಿ ಹಾಕಿ ಲೋಟ ತಿಕ್ಕಿದೆ.

ಒಂಬತ್ತು ವರ್ಷದ ಹುಡುಗಿಯನ್ನು ಶಿವ ಕ್ಷಮಿಸಿಯಾನು. ಆದರೆ ನಾನು ಆಮೇಲೆ ಇಪ್ಪತ್ತರವಳಾದೆ, ನಲವತ್ತರವಳಾದೆ. ಪಾಸ್ಕಲೀನ್ ಸಂತೆಯಲ್ಲಿ ಸಿಕ್ಕಾಗಲೆಲ್ಲ, "ಅರಾಮದೀಯೇನ?" ಎಂದು ಕೇಳಿ ಮುಂದೆ ಹೋದೆ.

ಇನ್ನೂ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ವಿಚಾರಣೆಗೆ ಎರಡು ದಿನ ಮುಂಚೆ ಹಳೆಯ ಪೊಲೀಸ್ ಕಾಗದವನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಾಗದ ತಿರುಗಿಸುವ ಯಂತ್ರ ಸರಸರ ಓದಿಕೊಂಡು ಹೋಗಿ ಒಂದು ವಾಕ್ಯದ ಮುಂದೆ ನಿಂತಿತು. "ಅವಳು ಕುಡಿದಿದ್ದಳು. ಈ ವಾಕ್ಯದಲ್ಲಿ ಕರ್ಮಪದವಿಲ್ಲ. ಏನನ್ನು? ದಯವಿಟ್ಟು ಆರಿಸಿ." ಅಮಲಿಗೆ ಒಂದು ಗುಂಡಿ, ಬೇರೆ ಪಾನೀಯಕ್ಕೆ ಒಂದು ಗುಂಡಿ. ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾವ ಮನುಷ್ಯನೂ ನನಗೆ ಕೇಳಿರಲಿಲ್ಲ. ಒಂದು ಯಂತ್ರ ಕೇಳಿತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹಣೆಯ ಮೇಲೆ ಬೆಳಗಿನ ವಿಭೂತಿ ಇನ್ನೂ ಇತ್ತು. ನಾನು ಅಮಲಿನ ಗುಂಡಿ ಒತ್ತಿದೆ.

ಸೋಮವಾರ ಗೋದಾಮು ತುಂಬಿತ್ತು. ಒಂದು ಬದಿಗೆ ನಮ್ಮ ಮನೆತನದವರು, ಇನ್ನೊಂದು ಬದಿಗೆ ಪಾಸ್ಕಲೀನ್, ಅವಳ ಮೊಮ್ಮಗಳು ಒಲಿಂಡಾ, ಹಿಂದೆ ಸಿದ್ದಿ ಕೇರಿಯ ಹತ್ತಿಪ್ಪತ್ತು ಜನ. ಬಸಲಿಂಗಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು ಕುರ್ಚಿಯಲ್ಲಿ ಕೂತ. ಕಲಿತು ಬಂದ ಮಾತುಗಳನ್ನೆಲ್ಲ ಹೇಳಿದ. ನಮ್ಮ ಹಿರಿಯರಿಂದ ಆದ ಅನ್ಯಾಯ, ತುಂಬಲಾರದ ನಷ್ಟ, ಅಂತಃಕರಣದ ವಿಷಾದ. ಕೆಂಪು ಗೆರೆ ಛಾವಣಿ ಮುಟ್ಟಿತು. ನೀಲಿ ಅಲುಗಲಿಲ್ಲ.

ಆಮೇಲೆ ಆರ್ಲೀನ್ ಕಡತದ ಹೇಳಿಕೆಯನ್ನು ಇಂಗ್ಲಿಷಿನಲ್ಲಿ ಓದಿದರು. ಅವರ ಕೊರಳಿನ ಯಂತ್ರ ಅದನ್ನೇ ಕನ್ನಡಕ್ಕೆ ತಿರುಗಿಸಿತು: "ಆ ಸ್ತ್ರೀಯು ಮದ್ಯದ ಅಮಲಿನಲ್ಲಿದ್ದಳು."

ಪಾಸ್ಕಲೀನ್ ಎದ್ದು ನಿಂತಳು. "ಅಮಲು ಅಂತ ಆ ಕಾಗದದಾಗ ಎಲ್ಲೈತಿ? ಕುಡದಿದ್ಲು ಅಂತ ಬರದಾರ ಅಂತಿದ್ರು. ಅದೂ ಸುಳ್ಳು."

"ಸುಳ್ಳಾದ್ರ ಹೇಳಿದಾಕೀನಽ ಕೇಳು," ಎಂದ ಬಸಲಿಂಗಪ್ಪ, ಪಟ್ಟಿ ಕಿತ್ತುಕೊಳ್ಳುತ್ತ. "ಇಲ್ಲೇ ಕುಂತಾಳ ನಮ್ಮ ದಾನಿ."

ಎಲ್ಲರೂ ನನ್ನನ್ನು ನೋಡಿದರು. ಪಾಸ್ಕಲೀನ್ ಮೇಜಿನ ಹತ್ತಿರ ಬಂದಳು. ಸಿಟ್ಟಿರಲಿಲ್ಲ. ದನಿ ಇಳಿಸಿ, ಮಗುವನ್ನು ಕೇಳುವಂತೆ ಕೇಳಿದಳು.

"ದಾನವ್ವಾರ, ಆಗ ನೀವು ಸಣ್ಣಾಕಿ. ಯಾರರ ಹೇಳಿಸಿರಬೇಕು. ಯಾರು ಹೇಳಿಸಿದ್ರು, ಅಷ್ಟು ಹೇಳಿಬಿಡ್ರಿ ಸಾಕು. ನಿಮ್ಮ ತಪ್ಪಲ್ಲ."

ದೊಡ್ಡಪ್ಪ ಸತ್ತು ಮೂವತ್ತು ವರ್ಷ. ಅವನ ಹೆಸರು ಹೇಳಿದ್ದರೆ ಯಾರೂ ಅಲ್ಲಗಳೆಯುತ್ತಿರಲಿಲ್ಲ. ಪಾಸ್ಕಲೀನಳ ಕೆಲಸವೂ ಆಗುತ್ತಿತ್ತು, ನನ್ನ ಮುಖವೂ ಉಳಿಯುತ್ತಿತ್ತು. ಆ ದಾರಿಯನ್ನು ಅವಳೇ ನನಗೆ ತೆರೆದು ಕೊಟ್ಟಿದ್ದಳು.

ನಾನು ಎದ್ದು ಹೋಗಿ ಕುರ್ಚಿಯಲ್ಲಿ ಕೂತೆ. "ಯಾರೂ ಹೇಳಿಸಲಿಲ್ಲ," ಎಂದೆ.

ನಿಮಗೆ ಹೇಳಿದ್ದನ್ನೆಲ್ಲ ಅಲ್ಲಿ ಹೇಳಿದೆ. ಲೋಟ, ಕಬ್ಬಿನ ಹಾಲು, ಮೂರು ದಿನ ಎದ್ದಿರದ ಬೆನೆತ್ತಾ. ಜಮಾದಾರನ ಪ್ರಶ್ನೆ. ಕೊನೆಗೆ ಮೊನ್ನೆ ಒತ್ತಿದ ಗುಂಡಿ. ಗುಂಡಿಯ ಮಾತಿಗೆ ಆರ್ಲೀನ್ ತಲೆಯೆತ್ತಿ ನನ್ನನ್ನು ನೋಡಿದರು. ನನ್ನಿಂದ ಹಿಡಿದ ಸೊನ್ನೆಯೇ ತಪ್ಪಿತ್ತೆಂದು ಹೊಳೆದಿರಬೇಕು, ಮುಂದಿನ ಹಾಳೆಯ ಮೇಲೆ ನಾಗೋಜಿಯ ಹೆಸರು ಬರೆದು, ಕೆಳಗೆ ಎರಡು ಗೆರೆ ಎಳೆದರು.

"ಒಂದು ಲೋಟದ ಸಲುವಾಗಿ," ಎಂದಳು ಪಾಸ್ಕಲೀನ್.

"ಹೌದು."

"ಸಂತ್ಯಾಗ ಎಷ್ಟು ಸಲ ಸಿಕ್ಕೀವಿ ನಾವು?"

"ಭಾಳ ಸಲ."

ಬಸಲಿಂಗಪ್ಪ ಗೊಣಗುತ್ತ ಎದ್ದು ಹೊರಗೆ ಹೋದ. ಅವನ ಹಿಂದೆ ನಮ್ಮವರೆಲ್ಲ ಒಬ್ಬೊಬ್ಬರಾಗಿ ಹೋದರು; ನೀಲವ್ವ ವೈನಿ ಬಾಗಿಲಲ್ಲಿ ಒಮ್ಮೆ ನಿಂತು ನನ್ನನ್ನು ನೋಡಿದಳು. ಆರ್ಲೀನ್ ಬಂದು ನನ್ನ ಹೊಟ್ಟೆಗೆ ಬಿಲ್ಲೆ ಅಂಟಿಸಿ, ಮಣಿಕಟ್ಟಿಗೆ, ಹಣೆಗೆ ಪಟ್ಟಿ ಕಟ್ಟಿದರು. ವಿಭೂತಿ ಒರೆಸಿಹೋಯಿತು. "ನಿಯಮದಂತೆ ಸಾಕ್ಷಿಗಳು ಈಗ ಹೊರಗೆ ತೆರಳಬೇಕು," ಎಂದಿತು ಅವರ ಕೊರಳಿನ ಯಂತ್ರ.

ಪಾಸ್ಕಲೀನ್ ನನ್ನೆದುರಿನ ಕುರ್ಚಿ ಎಳೆದುಕೊಂಡು ಕೂತಳು.

"ನಾ ಹೋಗಂಗಿಲ್ಲ."

"ತಾವು ಹೋಗದಿದ್ದರೆ ಅಳತೆಯು ಸಿಂಧುವಾಗದು. ಕ್ಷಮೆಯು ನಿಜವೆಂದು ದಾಖಲಾಗದು."

"ಬ್ಯಾಡ ಬಿಡು. ಇವರ ಮನಿ ಮುಂದ ನಾವು ಹುಟ್ಟಿದಾಗಿಂದ ಹೊರಗಽ ಕುಂತೀವಿ. ಇವತ್ತೂ ನಾನಽ ಎದ್ದು ಹೋಗಬೇಕೇನು? ಕಾಗದ ತಿದ್ದು ಮೊದಲ, ನಾ ನೋಡಬೇಕು."

ಆರ್ಲೀನ್ ನನ್ನ ಪಟ್ಟಿಗಳನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. ಕಡತ ತೆರೆದರು. ಕಾಗದ ತಿರುಗಿಸುವ ಯಂತ್ರ ಮತ್ತೆ ಆ ವಾಕ್ಯದ ಮುಂದೆ ನಿಂತಿತು: "ಏನನ್ನು?"

"ಕಬ್ಬಿನ ಹಾಲನ್ನು," ಎಂದೆ.

"ದೊಡ್ಡದಾಗಿ ಹೇಳು. ಹಿಂದ ಕುಂತವರಿಗೆ ಕೇಳಲಿಲ್ಲ," ಎಂದಳು ಪಾಸ್ಕಲೀನ್. ಅಲ್ಲಿಯವರೆಗೆ ನನ್ನನ್ನು ಬಹುವಚನದಲ್ಲಿ ಕರೆಯುತ್ತಿದ್ದವಳು.

"ಬೆನೆತ್ತಾ ಕಬ್ಬಿನ ಹಾಲು ಕುಡದಿದ್ಲು."

ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಒಲಿಂಡಾ ಅಜ್ಜಿಯ ಬೆನ್ನ ಮೇಲೆ ಕೈಯಿಟ್ಟಳು. ಪಾಸ್ಕಲೀನ್ ಅಳಲಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಮೊಮ್ಮಗಳಿಂದ ಎರಡು ಸಲ ಓದಿಸಿಕೊಂಡಳು. ಆಮೇಲೆ ನನ್ನತ್ತ ಬಾಗಿದಳು.

"ಕುಡದ ಮ್ಯಾಲ ಏನರ ಅಂದ್ಲೇನು ಅಕಿ? ಆಮ್ಯಾಲ ಅಕೀಗೆ ಮಾತಽ ಹೊರಡಲಿಲ್ಲ. ನಾ ಬಂದಾಗ ಬರೇ ಕಣ್ಣು ತಗದಿದ್ಲು."

ಅಂದಿದ್ದಳು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ, ಬಚ್ಚಿಡಬೇಕೆಂದೇನೂ ಅಲ್ಲ. ಯಾರದೋ ಸಾಮಾನು ನಮ್ಮ ಮನೆಯಲ್ಲಿ ಉಳಿದುಹೋದ ಹಾಗೆ ಅದು ನನ್ನಲ್ಲಿತ್ತು. ಲೋಟ ತಿರುಗಿ ಕೊಡುವಾಗ ಅವಳು ತಮ್ಮ ಕೊಂಕಣಿಯಲ್ಲಿ ಮೂರು ಮಾತು ಆಡಿದ್ದಳು. ಆಗ ನನಗೆ ಅರ್ಥ ಗೊತ್ತಿರಲಿಲ್ಲ.

"ದೇವ್ ಬರೆಂ ಕರುಂ, ಅಂದ್ಲು."

ಪಾಸ್ಕಲೀನ್ ಕಣ್ಣು ಮುಚ್ಚಿದಳು. ಆರ್ಲೀನರ ಕೊರಳಿನ ಯಂತ್ರ ತಿರುಗಿಸಲು ಹೋಗಿ, ಯಾಕೋ ಸುಮ್ಮನಾಯಿತು. ಅವರೇ ಕೈಯಿಂದ ಅದನ್ನು ಮುಚ್ಚಿ ಹಿಡಿದಿದ್ದರು.

"ದೇವರು ನಿನಗ ಒಳ್ಳೇದು ಮಾಡ್ಲಿ ಅಂದಾಳ," ಎಂದಳು ಪಾಸ್ಕಲೀನ್ ಕಣ್ಣು ತೆರೆದು. "ಮಾಡ್ಯಾನಲ್ಲ ನಿನಗ."

ಮಾಡಿದ್ದಾನೆ. ಒಳ್ಳೆಯ ಗಂಡ, ಮೂವತ್ತು ವರ್ಷದ ನೌಕರಿ, ಇಬ್ಬರು ಮಕ್ಕಳು, ಊರಲ್ಲಿ ಮರ್ಯಾದೆ, ಇಷ್ಟು ವಯಸ್ಸಿಗೂ ನೆಲದ ಮೇಲೆ ಕೂತು ಪೂಜೆ ಮಾಡುವ ಮೊಣಕಾಲು. ನಾನು ತಲೆಯಾಡಿಸಿದೆ.

ಅವಳು ಮೊಮ್ಮಗಳ ಭುಜ ಹಿಡಿದು ಎದ್ದಳು. "ನಡೀರಿ. ಬೆನೆತ್ತಾನ ಗೋರಿಗೆ ಹೋಗೂಣು," ಎಂದು ತನ್ನವರಿಗೆ ಹೇಳಿದಳು. ಅಷ್ಟು ಜನರ ಮುಂದೆ ಆ ಹೆಸರನ್ನು ಅವಳು ಗಟ್ಟಿಯಾಗಿ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನನ್ನು ಬಾ ಎನ್ನಲಿಲ್ಲ. ನಾನೂ ಏಳಲಿಲ್ಲ.

ಕಥೆ ಇಷ್ಟೇ. ಮುಗಿಸುವಾಗ, ಕೇಳಿದವರಿಗೆ ದೇವರು ಒಳ್ಳೆಯದು ಮಾಡಲಿ ಎಂದು ಹರಸಿ ಏಳುವುದು ನಮ್ಮ ಕಡೆಯ ರೂಢಿ. ನೀವು ಅದಕ್ಕೇ ಕಾಯುತ್ತಿದ್ದೀರೆಂದು ಗೊತ್ತು. ಆ ಮಾತನ್ನು ನಾನು ಈಗ ಆಡುವುದಿಲ್ಲ. ಒಬ್ಬಳಿಂದ ತೆಗೆದುಕೊಂಡು, ಐವತ್ತೆರಡು ವರ್ಷ ಉಂಡಿದ್ದೇನೆ. ಎದ್ದು ಮನೆಗೆ ಹೋಗಿ.